ಸಂಬೂಕಾದ ಒಂದು ಯೂರೋ ಮನೆ: ಊರಿನ ಕಥೆ, ಕಾಗದಪತ್ರದ ದಾರಿ

ಒಂದು ಯೂರೋಗೆ ಮನೆ ಸಿಗುತ್ತದಂತೆ, ನಿಜವೇ? ಕೆಲಸಕ್ಕೋ ಓದಿಗೋ ಇಟಲಿಗೆ ಬಂದ ನಮ್ಮವರು ಪರಿಚಯವಾದ ಹೊಸತರಲ್ಲೇ ಇದನ್ನು ಕೇಳುತ್ತಾರೆ. ನಿಜವೇ. ಆದರೆ ಆ ಒಂದು ಯೂರೋ ಹರಾಜಿನ ಮೊದಲ ಕೂಗು ಅಷ್ಟೇ. ಆಮೇಲೆ ಬರುವ ಷರತ್ತುಗಳು ಅರ್ಥವಾಗಬೇಕಾದರೆ, ಮನೆಗಳು ಖಾಲಿಯಾದದ್ದು ಹೇಗೆಂದು ಮೊದಲು ತಿಳಿಯಬೇಕು. ಅದಕ್ಕೆ ಸಿಸಿಲಿಯ ಸಂಬೂಕಾ ಎಂಬ ಗುಡ್ಡದೂರನ್ನೇ ಆರಿಸಿಕೊಂಡಿದ್ದೇನೆ.

ಆಗ್ರಿಜೆಂತೊ ಸೀಮೆಯಲ್ಲಿದೆ ಈ ಊರು. ಪಲೆರ್ಮೊದಿಂದ ಶಾಕ್ಕಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಾರಿನಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚು. ಅರಬ್ಬರ ಸೈನ್ಯ 827ರಲ್ಲಿ ಮಜಾರಾ ದಂಡೆಗೆ ಬಂದಿಳಿಯಿತು. ಅದಾಗಿ ಕೆಲವೇ ವರ್ಷಕ್ಕೆ, 830ರ ಸುಮಾರಿಗೆ, ಊರು ಹುಟ್ಟಿತೆಂಬುದು ಸ್ಥಳೀಯರ ನಂಬಿಕೆ. ಜಬೂತ್ ಎಂಬ ಅಮೀರನ ಹೆಸರು ಊರಿಗೂ ಅಂಟಿಕೊಂಡು, ಅದನ್ನು ಸಂಬೂಕಾ ಜಬೂತ್ ಎಂದೇ ಕರೆಯುತ್ತಿದ್ದರು. ಫ್ಯಾಸಿಸ್ಟರ ಕಾಲದಲ್ಲಿ, 1923ರಲ್ಲಿ, ಅರಬ್ ಹೆಸರನ್ನು ಕಿತ್ತುಹಾಕಿ ಸಂಬೂಕಾ ದಿ ಸಿಚೀಲಿಯಾ ಎಂದು ಮಾಡಿದರು. ಹೆಸರು ಹೋಯಿತು, ಓಣಿಗಳು ಉಳಿದವು. ಊರಿನ ನೆತ್ತಿಯಲ್ಲಿರುವ ‘ಸರಸೆನರ (ಅಂದರೆ ಅರಬ್ಬರ) ಏಳು ಓಣಿ’ಗಳಿಗೆ ಒಮ್ಮೆ ಹೊಕ್ಕು ಬನ್ನಿ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಇಕ್ಕಟ್ಟು, ಎರಡು ಹೆಜ್ಜೆಗೊಂದು ತಿರುವು, ಜುಲೈ ಬಿಸಿಲಿನಲ್ಲೂ ನೆರಳು.

1968ರ ಜನವರಿಯಲ್ಲಿ ಬೆಲೀಚೆ ಕಣಿವೆ ನಡುಗಿತು. ಜಿಬೆಲ್ಲೀನಾ, ಪೊಜ್ಜೊರೆಯಾಲೆಯಂಥ ಊರುಗಳು ನೆಲಸಮವಾದವು. ಸಂಬೂಕಾ ಪೂರ್ತಿ ಬೀಳಲಿಲ್ಲ, ಬಿರುಕುಬಿಟ್ಟಿತು. ಹಳೆಯ ಮನೆ ಬಿಟ್ಟವರಲ್ಲಿ ಹಲವರು ಕೆಳಗಿನ ಹೊಸ ಬಡಾವಣೆಗೆ ಹೋದರು, ಇನ್ನು ಹಲವರು ಕೂಲಿ ಹುಡುಕಿಕೊಂಡು ಉತ್ತರ ಇಟಲಿಗೆ, ಜರ್ಮನಿಗೆ ಹೋದರು. ಬೀಗ ಬಿದ್ದ ಮನೆಗಳಲ್ಲಿ ಎಷ್ಟೋ ಕೊಮೂನೆಯ, ಅಂದರೆ ಪುರಸಭೆಯ ಕೈಸೇರಿದವು. ಇದು ಮುಖ್ಯವಾದ ಮಾತು. ಬೇರೆ ಹಲವು ಊರುಗಳ ಒಂದು ಯೂರೋ ಯೋಜನೆಯಲ್ಲಿ ಮನೆ ಖಾಸಗಿಯವರದು. ಅಜ್ಜನ ಮನೆಗೆ ಹತ್ತು ಮೊಮ್ಮಕ್ಕಳು, ಅವರಲ್ಲಿ ಮೂವರು ಅಮೆರಿಕದಲ್ಲಿ, ಎಲ್ಲರ ಸಹಿ ಬೇಕು. ಸಂಬೂಕಾದಲ್ಲಿ ಮಾರುವುದು ಪುರಸಭೆಯೇ ಆದ್ದರಿಂದ ಆ ತಾಪತ್ರಯವಿಲ್ಲ.

2019ರಲ್ಲಿ ಪುರಸಭೆ ಇಂಥ ಮನೆಗಳನ್ನು ಹರಾಜಿಗಿಟ್ಟಿತು. ಮುಚ್ಚಿದ ಲಕೋಟೆಯಲ್ಲಿ ಬೆಲೆ ಬರೆದು ಕೊಡಬೇಕು, ಜೊತೆಗೆ 5,000 ಯೂರೋ ಠೇವಣಿ. ಮೂರು ವರ್ಷದೊಳಗೆ ದುರಸ್ತಿ ಮುಗಿಸಿದರೆ ಠೇವಣಿ ವಾಪಸ್, ಇಲ್ಲದಿದ್ದರೆ ಇಲ್ಲ. ಪುರಸಭೆಗೆ ಬೇಕಾದದ್ದು ದುಡ್ಡಿಗಿಂತ ಹೆಚ್ಚಾಗಿ ದೀಪ ಹತ್ತುವ ಕಿಟಕಿ. ಕೆಲವು ಮನೆಗಳು ಸಾವಿರಾರು ಯೂರೋಗೆ ಹೋದವು. 2021ರ ಸುತ್ತಿನಲ್ಲಿ ಮೊದಲ ಕೂಗು ಎರಡು ಯೂರೋ ಆಯಿತು. ಪ್ರತಿ ಸುತ್ತಿಗೂ ‘ಬಾಂದೊ’ ಎಂಬ ಪ್ರಕಟಣೆ ಹೊರಡುತ್ತದೆ, ಷರತ್ತು ಬದಲಾಗುತ್ತದೆ. ಯಾರದೋ ವಿಡಿಯೋ ನಂಬಬೇಡಿ, ಬಾಂದೊ ಓದಿಸಿ.

ಇನ್ನು ಕಾಗದಪತ್ರ. ಮೊದಲು ಬೇಕಾದದ್ದು ಕೋದಿಚೆ ಫಿಸ್ಕಾಲೆ. ಹದಿನಾರು ಅಕ್ಷರ-ಅಂಕಿಗಳ ಈ ತೆರಿಗೆ ಸಂಖ್ಯೆಯಿಲ್ಲದೆ ಮೊಬೈಲ್ ಸಿಮ್ಮಿನಿಂದ ಮನೆ ಬಾಡಿಗೆಯವರೆಗೆ ಯಾವುದೂ ಸಲೀಸಲ್ಲ. ಮೊದಲ ಮೂರು ಅಕ್ಷರ ಮನೆತನದ ಹೆಸರಿನಿಂದ, ಮುಂದಿನ ಮೂರು ನಿಮ್ಮ ಹೆಸರಿನಿಂದ, ಆಮೇಲೆ ಹುಟ್ಟಿದ ದಿನ (ಹೆಂಗಸರಾದರೆ ತಾರೀಖಿಗೆ 40 ಕೂಡಿಸುತ್ತಾರೆ), ಅದರ ಮುಂದೆ ಹುಟ್ಟಿದ ದೇಶದ ಸಂಕೇತ. ಭಾರತದ್ದು ಝಡ್ 222. ನಮ್ಮವರಿಗೆ ತೊಡಕಾಗುವುದು ಮೊದಲ ಮೂರರಲ್ಲೇ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ, ಅಥವಾ ಒಂದು ಕಡೆ ಬರೀ ಇನಿಶಿಯಲ್, ಇನ್ನೊಂದು ಕಡೆ ತಂದೆಯ ಪೂರ್ತಿ ಹೆಸರು ಇದ್ದರೆ, ಒಂದು ಕಾಗದ ಇನ್ನೊಂದಕ್ಕೆ ತಾಳೆಯಾಗದು. ಸಾಧ್ಯವಾದರೆ ಊರು ಬಿಡುವ ಮುಂಚೆಯೇ ಪಾಸ್‌ಪೋರ್ಟ್ ಸರಿಮಾಡಿಸಿಕೊಳ್ಳಿ.

ಎರಡನೆಯವರು ನೊತಾಯೊ. ನಮ್ಮ ನೋಟರಿಯವರನ್ನು ನೆನೆಸಿಕೊಂಡರೆ ಮೋಸ ಹೋಗುತ್ತೀರಿ. ಇವರು ಸರ್ಕಾರದ ಪರವಾಗಿ ಕೆಲಸ ಮಾಡುವ ಕಾನೂನು ಪಂಡಿತರು. ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ, ವಕೀಲರ ಹಕ್ಕುಪತ್ರ ಪರಿಶೀಲನೆ, ಋಣಭಾರ ನೋಡುವುದು, ಎಲ್ಲ ಇವರೊಬ್ಬರ ಮೇಜಿನಲ್ಲೇ. ಆರಿಸುವುದೂ ಶುಲ್ಕ ಕೊಡುವುದೂ ಕೊಳ್ಳುವವರೇ. ಕ್ರಯಪತ್ರವನ್ನು ಎದುರಿಗೇ ಗಟ್ಟಿಯಾಗಿ ಓದುತ್ತಾರೆ. ಇಟಾಲಿಯನ್ ಬಾರದಿದ್ದರೆ ದುಭಾಷಿ ಬೇಕು. ಖಾಸಗಿಯವರಿಂದ ಕೊಳ್ಳುವುದಾದರೆ ಮುಂಗಡ ಕರಾರಿನ ‘ಕಪಾರ್ರಾ’ ಗೊತ್ತಿರಲಿ: ನೀವು ಹಿಂದೆ ಸರಿದರೆ ಕೊಟ್ಟ ಹಣ ಹೋಯಿತು, ಮಾರುವವರು ಹಿಂದೆ ಸರಿದರೆ ಎರಡರಷ್ಟು ಕೊಡಬೇಕು. ನೋಂದಣಿ ತೆರಿಗೆ ಸ್ವಂತ ವಾಸದ ಮೊದಲ ಮನೆಗೆ ಶೇ. 2, ಎರಡನೆಯದಕ್ಕೆ ಶೇ. 9.

ಹಳೆ ಓಣಿಯ ಮನೆಯಾದ್ದರಿಂದ ಗೋಡೆ, ಕಿಟಕಿ, ಹೆಂಚಿನ ಬಗ್ಗೆ ಮನಬಂದಂತೆ ಮಾಡುವಂತಿಲ್ಲ. ‘ಜೆಯೋಮೆತ್ರಾ’ ಎಂಬ ತಾಂತ್ರಿಕರು ನಕ್ಷೆ ಮಾಡಿ ಅನುಮತಿ ತರುತ್ತಾರೆ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯ, ದಯವಿಟ್ಟು ಇದನ್ನು ಎರಡು ಸಲ ಓದಿ. ಯುರೋಪಿಯನ್ ಒಕ್ಕೂಟದ ಹೊರಗಿನವರು ಆಸ್ತಿ ಕೊಳ್ಳಲು ಇಟಲಿ ‘ಪರಸ್ಪರತೆ’ಯನ್ನು ನೋಡುತ್ತದೆ: ನಿಮ್ಮ ದೇಶದಲ್ಲಿ ಇಟಲಿಯವರು ಕೊಳ್ಳಬಹುದೇ? ಅಲ್ಲಿ ವಾಸವಿಲ್ಲದ ವಿದೇಶಿಯರಿಗೆ ಭಾರತದ ಕಾನೂನು ಬಾಗಿಲು ಮುಚ್ಚಿದೆ. ಹಾಗಾಗಿ ಭಾರತೀಯ ಪಾಸ್‌ಪೋರ್ಟ್ ಹಿಡಿದು ಪ್ರವಾಸಿ ವೀಸಾದಲ್ಲಿ ಬಂದು ಮನೆ ಕೊಳ್ಳುತ್ತೇನೆಂದು ಹೊರಡಬೇಡಿ. ಇಲ್ಲಿ ಕೆಲಸಕ್ಕೋ ಕುಟುಂಬದ ಜೊತೆಗೋ ಇರುವ, ಚಾಲ್ತಿಯಲ್ಲಿರುವ ಪೆರ್ಮೆಸ್ಸೊ ದಿ ಸೊಜ್ಜೋರ್ನೊ (ವಾಸದ ಪರವಾನಗಿ) ಇರುವವರ ದಾರಿ ಬೇರೆ, ಅವರಿಗೆ ಈ ತಡೆ ಇಲ್ಲ. ಯಾವುದೇ ಠೇವಣಿ ಕಟ್ಟುವ ಮುಂಚೆ ನೊತಾಯೊ ಬಳಿ ನಿಮ್ಮ ಪರವಾನಗಿ ತೋರಿಸಿ ಕೇಳಿ. ಮನೆ ಕೊಂಡರೆ ವೀಸಾ ಸಿಗುತ್ತದೆ ಎಂಬುದೂ ಸುಳ್ಳು.

ಕೊಳ್ಳದಿದ್ದರೂ ಹೋಗಿ ಬನ್ನಿ, ಕೊಳ್ಳುವುದಾದರೆ ಒಂದು ವಾರವಾದರೂ ಇದ್ದು ಬನ್ನಿ. ಮೇ ತಿಂಗಳ ಮೂರನೇ ಭಾನುವಾರ ಊರದೇವತೆ ಮರಿಯಾ ದೆಲ್ಲುದಿಯೆನ್ಸಾಳ ಜಾತ್ರೆ; ಮೆರವಣಿಗೆಗೆ ಹೊರದೇಶ ಸೇರಿದ ಮಕ್ಕಳೂ ಮರಳುತ್ತಾರೆ. ‘ಮಿನ್ನಿ ದಿ ವಿರ್ಜಿನಿ’ ಎಂಬ ಸಿಹಿಯನ್ನು ಇಲ್ಲಿಯ ಮಠದ ಸನ್ಯಾಸಿನಿಯೊಬ್ಬರು 1725ರಲ್ಲಿ ಮಾಡಿದರೆಂದು ಹೇಳುತ್ತಾರೆ. ಒಳಗೆ ಹಾಲಿನ ಕೆನೆ, ಚಾಕೊಲೇಟ್, ಕುಂಬಳದ ಮುರಬ್ಬ. ಸಸ್ಯಾಹಾರಿಗಳು ಮಾತ್ರ ಹಿಟ್ಟಿಗೆ ‘ಸ್ತ್ರುತ್ತೊ’, ಅಂದರೆ ಹಂದಿ ಕೊಬ್ಬು, ಹಾಕಿದ್ದಾರೆಯೇ ಎಂದು ಕೇಳಿ ತಿನ್ನಿ. ಸಿಸಿಲಿಯ ಸಾಂಪ್ರದಾಯಿಕ ತಿಂಡಿಗಳಲ್ಲಿ ಅದು ಸಾಮಾನ್ಯ. ಒಣ ಅವರೆಯಂಥ ಕಾಳನ್ನು ಮೆತ್ತಗೆ ಬೇಯಿಸಿದ ‘ಮಾಕ್ಕು’ ನಮ್ಮ ಬಾಯಿಗೆ ಹತ್ತಿರ.

ಮೊಂತೆ ಅದ್ರಾನೋನೆ ಬೆಟ್ಟದ ಮೇಲೆ ಕ್ರಿಸ್ತಪೂರ್ವದ ನಗರವೊಂದರ ಅವಶೇಷಗಳಿವೆ, ಅಲ್ಲಿ ಸಿಕ್ಕ ವಸ್ತುಗಳು ಊರೊಳಗಿನ ಪಲಾತ್ಸೊ ಪನಿತ್ತೇರಿಯಲ್ಲಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳು ಮುಚ್ಚಿರುತ್ತವೆ, ಆ ಹೊತ್ತಿಗೆ ಕೆಳಗಿನ ಅರಾಂಚೊ ಕೆರೆಗೆ ಇಳಿಯಿರಿ. ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರು ಅದು. ಅದರ ಅಂಚಿನಲ್ಲಿ ಮಜ್ಜಲಕ್ಕರ್ ಎಂಬ ಹಳೆಯ ಕೋಟೆ ನಿಂತಿದೆ. ನೀರು ಏರಿದಾಗ ಮುಳುಗುತ್ತದೆ, ಬೇಸಿಗೆಯಲ್ಲಿ ಇಳಿದಾಗ ಗೋಡೆಗಳು ಮೇಲೆದ್ದು ಕಾಣುತ್ತವೆ.