ಉಸುಕಿನ ಗುಂಡಿ ಕುಡಿದ ನೀರಿನ ಲೆಕ್ಕ

ನಮ್ಮ ಹೊಲ ಮಳಖೇಡದ ಕೆಳಗೆ, ಕಾಗಿಣಾ ನದಿಯ ದಂಡೆಗೆ ಹತ್ತಿಕೊಂಡಿದೆ. ಮೇಲೆ ಆಳೆತ್ತರದ ಎರೆ ಮಣ್ಣು, ಅದರ ಕೆಳಗೆ ಉಸುಕು ಮತ್ತು ಗರಸು. ಎರಡು ವರ್ಷ ತೊಗರಿ ಕೈಕೊಟ್ಟ ಮೇಲೆ, 2016ರಲ್ಲಿ ಎರಡು ಎಕರೆಯನ್ನು ಉಸುಕು ತೆಗೆಯಲು ಕೊಟ್ಟೆ. ಎರಡೇ ವರ್ಷದಲ್ಲಿ ಟಿಪ್ಪರ್‌ಗಳು ಹೊರಟುಹೋದವು, ಗುಂಡಿ ಉಳಿಯಿತು. ಅದರಲ್ಲಿ ಬೇಸಿಗೆಯಲ್ಲೂ ನೀಲಿ ನೀರು ನಿಂತಿತು. ಪುಕ್ಕಟೆ ಕೆರೆ ಸಿಕ್ಕಿತೆಂದು ನಾನು ಹಿಗ್ಗಿದೆ.

2019ರ ಏಪ್ರಿಲ್‌ನಲ್ಲಿ ಕೆಳಗಿನ ಹೊಲದ ಕಾಕಾ ಬಂದರು. "ತಮ್ಮಾ, ನಿನ್ನ ಕೆರೆ ತುಂಬಿದೆ, ನನ್ನ ಮಡು ಬತ್ತಿದೆ. ಎರಡಕ್ಕೂ ಸಂಬಂಧವಿಲ್ಲ ಎನ್ನುತ್ತೀಯಾ?" ಸಂಬಂಧವಿಲ್ಲ ಎಂದೇ ಹೇಳಿದೆ. ಗುಂಡಿಗೆ ನಾನು ಒಂದು ಪಂಪನ್ನೂ ಇಳಿಸಿರಲಿಲ್ಲವಲ್ಲ!

ಆದರೆ ಮಾತು ತಲೆಯಲ್ಲಿ ಕೊರೆಯಿತು. ಗುಂಡಿಯ ನೀರಿನ ಮಟ್ಟವನ್ನೂ ನದಿಯ ಮಡುವಿನ ಮಟ್ಟವನ್ನೂ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಹೋಲಿಸಿ ನೋಡಿದೆ. ಗುಂಡಿಯದು ಒಂದು ಗೇಣು ಕೆಳಗಿತ್ತು. ಅಂದರೆ ನದಿ ನನ್ನ ಗುಂಡಿಯತ್ತ ಹರಿಯುತ್ತಿತ್ತು, ಉಸುಕಿನ ಒಳಗಿನಿಂದ. ಮಣ್ಣಿನ ಹೊದಿಕೆಯಡಿ ಇದ್ದಾಗ ಬಿಸಿಲಿಗೆ ಕಾಣದ ನೀರನ್ನು ನಾನು ಬಟಾಬಯಲಿಗೆ ತಂದಿದ್ದೆ. ನಮ್ಮ ಭಾಗದ ಬಿಸಿಲು ಹೇಗಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಎಷ್ಟು ನೀರು ಹೋಗುತ್ತದೆ? ಇದನ್ನು ಅಳೆಯಲು ಹವಾಮಾನ ಕೇಂದ್ರಗಳಲ್ಲಿ ಇಡುವಂಥ ತಟ್ಟೆಯನ್ನೇ ಮಾಡಿಸಿದೆ: ಸುಮಾರು 1.2 ಮೀಟರ್ ಅಗಲ, 25 ಸೆಂ.ಮೀ. ಆಳದ ತಗಡಿನ ದುಂಡು ತೊಟ್ಟಿ, ಕಟ್ಟಿಗೆಯ ಚೌಕಟ್ಟಿನ ಮೇಲೆ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಹಿಡಿದು ನೋಡುವುದು. ಮೊದಲ ಹತ್ತು ದಿನದ ಲೆಕ್ಕ ಹಾಳಾಯಿತು. ನಮ್ಮ ಆಡುಗಳು ಅದರಲ್ಲೇ ನೀರು ಕುಡಿದಿದ್ದವು. ಸುತ್ತ ಮುಳ್ಳುಬೇಲಿ ಹಾಕಿದ ಮೇಲೆ ಸರಿಯಾಯಿತು. ಮೇ ತಿಂಗಳಲ್ಲಿ ತೊಟ್ಟಿಯ ನೀರು ದಿನಕ್ಕೆ ಸರಾಸರಿ 12 ಮಿ.ಮೀ. ಇಳಿಯಿತು. ತಗಡು ಬೇಗ ಕಾಯುವುದರಿಂದ ದೊಡ್ಡ ನೀರಿಗಿಂತ ತೊಟ್ಟಿ ಹೆಚ್ಚು ಕಳೆದುಕೊಳ್ಳುತ್ತದೆ, ಹಾಗಾಗಿ 0.7ರಿಂದ ಗುಣಿಸುವುದು ರೂಢಿ. ಉಳಿದದ್ದು 8.4 ಮಿ.ಮೀ. ಕೇಳಲು ಉಗುರಿನಷ್ಟೂ ಇಲ್ಲ. ಎರಡು ಎಕರೆಗೆ ಹರಡಿದರೆ ದಿನಕ್ಕೆ 68,000 ಲೀಟರ್, ಅಂದರೆ ಐದು ಸಾವಿರ ಲೀಟರಿನ ಟ್ಯಾಂಕರ್ ಹದಿಮೂರಕ್ಕೂ ಹೆಚ್ಚು. ಫೆಬ್ರುವರಿಯಿಂದ ಮೇವರೆಗೆ ಕೂಡಿಸಿದಾಗ 66 ಲಕ್ಷ ಲೀಟರ್ ದಾಟಿತು. ಆ ದಿನ ಕಾಕಾ ಅವರ ಮನೆಗೆ ನಾನೇ ಹೋದೆ.

ಇಂಥ ಸಾಲವನ್ನು ತೀರಿಸುವುದು ಹೇಗೆಂದು ಹುಡುಕಿದಾಗ ಅಮೆರಿಕದ ಕೊಲೊರಾಡೊ ರಾಜ್ಯದ ಪದ್ಧತಿಯನ್ನು ಓದಿದೆ. ಅಲ್ಲಿ ನದಿಯ ನೀರನ್ನು ಮೊದಲು ಬಳಸಿದವರಿಗೆ ಮೊದಲ ಹಕ್ಕು. 1980ರ ಡಿಸೆಂಬರ್ 31ರ ನಂತರ ಗರಸಿನ ಗುಂಡಿ ತೋಡಿ ಅಂತರ್ಜಲವನ್ನು ತೆರೆದವರು, ಆವಿಯಾದಷ್ಟು ನೀರನ್ನು ನದಿಗೆ ಮರಳಿ ಒದಗಿಸಬೇಕು. ಗುಂಡಿಯನ್ನೇ ಒಂದು ಬಾವಿ ಎಂದು ಕಾನೂನು ಎಣಿಸುತ್ತದೆ. ತೊಳೆದ ಗರಸಿನ ಜೊತೆ ಹೊರಗೆ ಹೋಗುವ ತೇವವನ್ನೂ ಬಿಡುವುದಿಲ್ಲ. ತೂಕದ ನೂರಕ್ಕೆ ನಾಲ್ಕರಷ್ಟು ಎಂದು ಹಿಡಿಯುವುದು ರೂಢಿ. ಆ ಲೆಕ್ಕದಲ್ಲಿ ಹದಿನಾರು ಟನ್ನಿನ ಒಂದು ಟಿಪ್ಪರ್ ನಮ್ಮ ನದಿಯಿಂದ 640 ಲೀಟರ್ ಒಯ್ದಿರಬೇಕು. ದಾರಿಯುದ್ದಕ್ಕೂ ಸೋರಿಸುತ್ತ ಹೋದ ಟಿಪ್ಪರ್‌ಗಳು ಆಗ ನೆನಪಾದವು.

ನಮ್ಮಲ್ಲಿ ನನ್ನನ್ನು ಯಾರೂ ಹೀಗೆ ಕೇಳುತ್ತಿರಲಿಲ್ಲ, ಕಾಕಾ ಒಬ್ಬರನ್ನು ಬಿಟ್ಟು.

ಮೊದಲು ಒಂದು ಸುಲಭದ ದಾರಿ ಹಿಡಿಯಲು ನೋಡಿದೆ. ನದಿಯಿಂದ ಒಂದೆಕರೆ ಬೇಸಿಗೆ ಶೇಂಗಾಕ್ಕೆ ನೀರು ಹಾಯಿಸುತ್ತಿದ್ದೆ, ಅದನ್ನು ಬಿಟ್ಟರೆ ಪಂಪು ಎತ್ತುತ್ತಿದ್ದ ನೀರೆಲ್ಲ ಉಳಿಯಿತಲ್ಲ ಎಂದುಕೊಂಡೆ. ಅದು ಪೂರ್ತಿ ನಿಜವಲ್ಲ. ಹಾಯಿಸಿದ ನೀರಿನಲ್ಲಿ ಬೆಳೆ ಕುಡಿದದ್ದು ಮತ್ತು ಆವಿಯಾದದ್ದು ಮಾತ್ರ ನಷ್ಟ. ಇಂಗಿದ್ದು ಉಸುಕಿನಲ್ಲಿ ಇಳಿದು ನದಿಗೇ ಮರಳುತ್ತದೆ. ಶೇಂಗಾ ಬಿಟ್ಟೆ, ಆದರೆ ಅದನ್ನು ತೀರಿದ ಸಾಲದಲ್ಲಿ ಬರೆಯಲಿಲ್ಲ. ಅಷ್ಟಾದರೂ ನದಿಗೆ ಮೇಲುಗೈ ಇರಲಿ.

ಸಾಲ ತೀರಿಸುವುದಕ್ಕಿಂತ ಸಾಲ ಕಡಿಮೆ ಮಾಡುವುದೇ ಅಗ್ಗ ಎಂದು ಆಮೇಲೆ ಹೊಳೆಯಿತು. ನಮ್ಮ ಸೀಮೆಯಲ್ಲಿ ಫರ್ಸಿ (ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು) ಗಣಿಗಳ ಪಕ್ಕ ಒಡೆದ ಕಲ್ಲಿನ ಗುಡ್ಡಗಳೇ ಬಿದ್ದಿರುತ್ತವೆ. ಅದನ್ನು ತಂದು ನೀರಿನ ಮಟ್ಟದ ಮೇಲಿನವರೆಗೆ ಸುರಿದು, ಬದಿಗೆ ಒಟ್ಟಿದ್ದ ಎರೆ ಮಣ್ಣನ್ನು ಹೊದಿಸಿ ಮೂವತ್ತು ಗುಂಟೆ ಮುಚ್ಚಿದೆ. ಬರೀ ಎರೆ ಮಣ್ಣನ್ನೇ ತುಂಬಿದ್ದರೆ ಉಸುಕಿನೊಳಗಿನ ನೀರಿನ ಹಾದಿ ಕಟ್ಟಿಹೋಗುತ್ತಿತ್ತು. ಕೈಯಲ್ಲಿದ್ದ ಹಣ ಅಲ್ಲಿಗೆ ಮುಗಿಯಿತು. ಒಂದು ಎಕರೆ ಹತ್ತು ಗುಂಟೆ ನೀರು ಹಾಗೆಯೇ ಉಳಿಯಿತು. ಅದರ ಸಾಲ ಫೆಬ್ರುವರಿಯಿಂದ ಮೇವರೆಗೆ 41 ಲಕ್ಷ ಲೀಟರ್‌ಗಿಂತ ತುಸು ಹೆಚ್ಚು.

ಅದಕ್ಕೆ ಸೋದರಮಾವನ ಹಳೆಯ ಫರ್ಸಿ ಗಣಿ ಒದಗಿತು. ಹತ್ತು ಗುಂಟೆ ಅಗಲ, ಮಳೆಗಾಲ ಮುಗಿದಾಗ ಆರು ಮೀಟರ್ ನೀರು, ಅಂದರೆ ಸುಮಾರು 60 ಲಕ್ಷ ಲೀಟರ್. ಕಾಕಾ ಇಲ್ಲೂ ಬಿಡಲಿಲ್ಲ: "ಅದೂ ನದಿಗೆ ಹೋಗಬೇಕಾದ ನೀರೇ ಅಲ್ಲವೇ?" ಹೌದು. ಆದರೆ ಆಗಸ್ಟ್‌ನಲ್ಲಿ ಕಾಗಿಣಾ ಎರಡೂ ದಂಡೆ ತುಂಬಿ ಹರಿಯುವಾಗ ಆ ನೀರನ್ನು ಯಾರೂ ಕೇಳುವುದಿಲ್ಲ, ಏಪ್ರಿಲ್‌ನಲ್ಲಿ ಕೊಡಕ್ಕೂ ಬೆಲೆ. ಗಣಿ ಸೋರುತ್ತದೆಯೇ ಎಂದು ನೋಡಲು ಜನವರಿಯಲ್ಲಿ ಇಪ್ಪತ್ತು ದಿನ ಅದರ ಗೋಡೆಗೆ ಗುರುತು ಹಾಕಿದೆ. ತೊಟ್ಟಿಯ ಲೆಕ್ಕದಂತೆ 70 ಮಿ.ಮೀ. ಇಳಿಯಬೇಕಿತ್ತು, ಇಳಿದದ್ದು 92. ಸೋರಿಕೆ ದಿನಕ್ಕೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಪರವಾಗಿಲ್ಲ ಎನಿಸಿತು.

ನೀರು ಬಿಟ್ಟ ಮೊದಲ ವರ್ಷ ದಡ್ಡತನ ಮಾಡಿದೆ. ಗಣಿಯ ಪಕ್ಕದ ಒಣ ಹಳ್ಳಕ್ಕೆ ಪಂಪು ಹಚ್ಚಿ, ಅದು ತಾನಾಗಿ ನದಿ ಸೇರುತ್ತದೆಂದು ಕುಳಿತೆ. ಮೂರು ದಿನ ಕಳೆದರೂ ಒದ್ದೆ ಗುರುತು ಅರ್ಧ ದಾರಿಯನ್ನೂ ದಾಟಲಿಲ್ಲ. ಬಾಡಿಗೆಗೆ ಪೈಪು ತಂದು, ಕಾಕಾ ಅವರ ಮಡುವಿನ ಮೇಲ್ಭಾಗದಲ್ಲಿ ನೇರವಾಗಿ ನದಿಪಾತ್ರಕ್ಕೆ ಬಿಟ್ಟಾಗಲೇ ಮಡು ಏರಿತು. ಇನ್ನೂರು ಲೀಟರಿನ ಡ್ರಮ್ಮು 25 ಸೆಕೆಂಡಿಗೆ ತುಂಬುತ್ತಿತ್ತು, ಅಂದರೆ ಸೆಕೆಂಡಿಗೆ ಎಂಟು ಲೀಟರ್. ಏಪ್ರಿಲ್‌ನ ದಿನದ ಬಾಕಿ 39,000 ಲೀಟರ್; ಒಂದು ಗಂಟೆ ಇಪ್ಪತ್ತು ನಿಮಿಷ ಪಂಪು ಓಡಿದರೆ ಸಾಕು. ತ್ರೀ ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬರುತ್ತಿತ್ತು ಎಂಬುದು ನನ್ನ ನಿದ್ದೆಯ ಲೆಕ್ಕ, ಅದು ಬೇರೆ ಪುಸ್ತಕ.

ಇನ್ನೊಂದು ಸಂಗತಿ ತಡವಾಗಿ ತಿಳಿಯಿತು. ಗುಂಡಿಯಲ್ಲಿ ಇಂದು ಆವಿಯಾದದ್ದು ನದಿಯಲ್ಲಿ ಇಂದೇ ಕಡಿಮೆಯಾಗುವುದಿಲ್ಲ. ಉಸುಕಿನೊಳಗೆ ಎಳೆತ ಮೆಲ್ಲಗೆ ಸಾಗುತ್ತದೆ. ಗುಂಡಿ ನದಿಯಿಂದ ದೂರವಿದ್ದಷ್ಟೂ ತಡ. ಮೇ ಕೊನೆಗೆ ಪಂಪು ನಿಲ್ಲಿಸಿದ ವರ್ಷ, ಮಡು ಜೂನ್ ಮೊದಲ ವಾರದಲ್ಲಿ ಮತ್ತೆ ಇಳಿಯಿತು. ಅಂದಿನಿಂದ ಒಳ್ಳೆಯ ಮಳೆ ಬೀಳುವವರೆಗೆ ಬಿಡುತ್ತೇನೆ. ಹಾಗೆಯೇ ಗುಂಡಿಗೂ ನದಿಗೂ ನಡುವಿನ ದಂಡೆಯನ್ನು ಎಂದೂ ಮುಟ್ಟಬಾರದು. 2020ರ ಅಕ್ಟೋಬರ್ ಪ್ರವಾಹದಲ್ಲಿ ಅದು ಇನ್ನೇನು ಒಡೆಯುವುದರಲ್ಲಿತ್ತು. ಒಡೆದಿದ್ದರೆ ನದಿಯೇ ಹೊಲದೊಳಗೆ ಬಂದು ನೆಲೆಸುತ್ತಿತ್ತು, ಈ ಲೆಕ್ಕಗಳೆಲ್ಲ ಕೊಚ್ಚಿಹೋಗುತ್ತಿದ್ದವು.

ಈಗ ನೋಟುಪುಸ್ತಕದಲ್ಲಿ ದಿನಕ್ಕೊಂದು ಸಾಲು: ತೊಟ್ಟಿ ಇಳಿದದ್ದು, ಪಂಪು ಓಡಿದ ನಿಮಿಷ, ಮಡುವಿನ ಮಟ್ಟ. ಕೊನೆಯದನ್ನು ಕಾಕಾ ಅವರೇ ಬರೆಯುತ್ತಾರೆ. ಹೋದ ಬೇಸಿಗೆ ಗಣಿಯ ನೀರು ಜೂನ್ 4ಕ್ಕೆ ತಳ ಕಂಡಿತು, ಹದವಾದ ಮಳೆ ಬಂದದ್ದು 9ಕ್ಕೆ. ನಡುವಿನ ಸಾಲುಗಳ ಎದುರು ಅವರು ಕೆಂಪು ಪೆನ್ನಿನಲ್ಲಿ "ಬಾಕಿ" ಎಂದು ಬರೆದಿದ್ದಾರೆ. ದೀಪಾವಳಿಯ ನಂತರ ಇನ್ನೂ ಹತ್ತು ಗುಂಟೆ ಮುಚ್ಚಿಸಲು ಜೆಸಿಬಿಯವನಿಗೆ ಮಾತು ಕೊಟ್ಟಿದ್ದೇನೆ.