ಕಡತದೊಳಗಿನ ಆನೆ: ಸರ್ಕಾರಿ ದಾಖಲೆಯಿಂದ ಊರಿನ ಲೆಕ್ಕ ತೆಗೆಯುವುದು ಹೇಗೆ?

ಕೊಡಗಿನಲ್ಲಿ ಕಾಡಾನೆ ತೋಟಕ್ಕೆ ನುಗ್ಗಿದರೆ ಮರುದಿನದಿಂದ ಕಾಗದದ ಕೆಲಸ ಆರಂಭ. ಅರ್ಜಿ, ಪಹಣಿ, ಫೋಟೊ, ಸ್ಥಳ ಮಹಜರು, ಕೊನೆಗೆ ಪರಿಹಾರದ ಆದೇಶ. ಹಣ ಪಾವತಿಯಾದ ಮೇಲೆ ಕಡತ ಬೀರು ಸೇರುತ್ತದೆ. ಇಂಥ ಹತ್ತು ವರ್ಷಗಳ ಕಡತಗಳನ್ನು ಒಟ್ಟಿಗೆ ಓದಿದರೆ ಆನೆ ಯಾವ ತಿಂಗಳು ಯಾವ ಊರಿಗೆ ಬರುತ್ತದೆ ಎಂಬುದರ ಜಾಡು ಸಿಗುತ್ತದೆ. ಪದವಿ ವಿದ್ಯಾರ್ಥಿಗಳು, ಪಂಚಾಯಿತಿ ಸದಸ್ಯರು, ಬೆಳೆಗಾರರು ಯಾರು ಬೇಕಾದರೂ ಈ ಕೆಲಸಕ್ಕೆ ಕೈ ಹಾಕಬಹುದು.

ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ‘ಆನೆ–ಮಾನವ ಸಂಘರ್ಷದ ಅಧ್ಯಯನ’ ಎಂದರೆ ವಿಚಾರ ಸಂಕಿರಣದ ಬ್ಯಾನರ್‌ಗೆ ಸಾಕು, ಲೆಕ್ಕಕ್ಕೆ ಸಾಲದು. ‘ಆನೆ ತಡೆಯಲು ಹಳೆಯ ರೈಲು ಹಳಿಗಳಿಂದ ಕಟ್ಟಿದ ಬೇಲಿ ಬಂದ ಬಳಿಕ ನಮ್ಮ ಪಂಚಾಯಿತಿಯಲ್ಲಿ ಬೆಳೆ ಹಾನಿ ಅರ್ಜಿ ಇಳಿಯಿತೇ, ಪಕ್ಕದ ಪಂಚಾಯಿತಿಯಲ್ಲಿ ಏರಿತೇ?’ ಎಂದು ಕೇಳಿಕೊಂಡರೆ ಯಾವ ಕಾಗದ ಬೇಕು, ಯಾವುದು ಬೇಡ ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ.

ಅರ್ಜಿ ಹಾಕುವ ಮುನ್ನ ಈಗಾಗಲೇ ಪ್ರಕಟವಾಗಿರುವುದನ್ನು ನೋಡಿ. ಜಿಲ್ಲಾ ಸಾಂಖ್ಯಿಕ ಕಚೇರಿಯ ‘ಅಂಕಿ ಅಂಶಗಳ ನೋಟ’, ಜನಗಣತಿಯ ಗ್ರಾಮವಾರು ಪಟ್ಟಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಹಿತಿ ಇವೆಲ್ಲ ಕೈಗೆಟುಕುವಂಥವು. (ತೋಟದ ಮಳೆ ಪುಸ್ತಕದೊಂದಿಗೆ ಹೋಲಿಸುವವರು ನೆನಪಿಡಿ: ನಮ್ಮವರು ಬರೆಯುವುದು ಇಂಚಿನಲ್ಲಿ, ಸರ್ಕಾರ ಬರೆಯುವುದು ಮಿಲಿಮೀಟರಿನಲ್ಲಿ. ಒಂದು ಇಂಚಿಗೆ 25.4 ಮಿ.ಮೀ.)

ಉಳಿದದ್ದಕ್ಕೆ ವಲಯ ಅರಣ್ಯಾಧಿಕಾರಿಯನ್ನು ನೇರವಾಗಿ ಕಂಡು, ಕಾಲೇಜಿನ ಅಥವಾ ಪಂಚಾಯಿತಿಯ ಪತ್ರ ಕೊಟ್ಟು ಕೇಳಿ. ಆಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ; ಅರ್ಜಿ ಒಂದೇ ವಿಷಯದ್ದಾಗಿ, 150 ಪದಗಳೊಳಗಿರಬೇಕು. ‘ಬೇಲಿ ಏಕೆ ವಿಫಲವಾಯಿತು?’ ಎಂದು ಕೇಳಬೇಡಿ. ಕಾಯ್ದೆ ಕೊಡಿಸುವುದು ಕಚೇರಿಯಲ್ಲಿ ಇರುವ ದಾಖಲೆಯನ್ನು, ಅಧಿಕಾರಿಯ ಅಭಿಪ್ರಾಯವನ್ನಲ್ಲ. ‘ಅರ್ಜಿದಾರರ ಹೆಸರು ಬಿಟ್ಟು, ಹಾನಿಯ ದಿನಾಂಕ, ಗ್ರಾಮ, ಬೆಳೆ, ಮಂಜೂರಾದ ಮೊತ್ತ ಇರುವ ವಹಿಯ ಪ್ರತಿ, ಕಂಪ್ಯೂಟರಿನಲ್ಲಿದ್ದರೆ ಅದೇ ರೂಪದಲ್ಲಿ’ ಎಂದು ಬರೆಯಿರಿ. 30 ದಿನದೊಳಗೆ ಉತ್ತರ ಬರದಿದ್ದರೆ ಮೇಲ್ಮನವಿ ಸಲ್ಲಿಸಿ.

ಪಟ್ಟಿ ಕೈಗೆ ಬಂದ ಮೇಲೆ ನಿಜವಾದ ಕೆಲಸ ಶುರು. ಒಂದೇ ಊರಿನ ಹೆಸರು ನಾಲ್ಕು ಬಗೆಯ ಕಾಗುಣಿತದಲ್ಲಿ ಇರಬಹುದು. ಎಲ್ಲವನ್ನೂ ಒಂದಕ್ಕೆ ತನ್ನಿ. ಹಿಂದೆ ಜಿಲ್ಲೆಯಲ್ಲಿ ಮೂರು ತಾಲ್ಲೂಕುಗಳಿದ್ದವು. ಪೊನ್ನಂಪೇಟೆ, ಕುಶಾಲನಗರ ಸೇರಿ ಐದಾಗಿವೆ. 2018ರ ವಿರಾಜಪೇಟೆಯನ್ನು ಇಂದಿನ ವಿರಾಜಪೇಟೆಯ ಪಕ್ಕಕ್ಕಿಟ್ಟು ‘ಹಾನಿ ತಗ್ಗಿದೆ’ ಎಂದರೆ ಊರವರು ನಕ್ಕಾರು. ಅರಣ್ಯ ವಲಯದ ಗಡಿಯೂ ತಾಲ್ಲೂಕಿನ ಗಡಿಯೂ ಬೇರೆ ಬೇರೆ. ಹೀಗಾಗಿ ಗ್ರಾಮವನ್ನೇ ಘಟಕವಾಗಿ ಹಿಡಿಯುವುದು ಕ್ಷೇಮ. ಹಣದ ಮೊತ್ತಕ್ಕಿಂತ ಘಟನೆಗಳ ಸಂಖ್ಯೆಯನ್ನು ಎಣಿಸಿ. ದರ ಪರಿಷ್ಕರಣೆಯಾದ ವರ್ಷ, ಆನೆ ಹೆಚ್ಚು ಬಾರದಿದ್ದರೂ ಮೊತ್ತ ಏರುತ್ತದೆ. ಅರ್ಜಿಯ ದಿನಾಂಕ ಬೇಡ, ಹಾನಿಯ ದಿನಾಂಕ ಬೇಕು. ಹಲಸು ಹಣ್ಣಾಗುವ ಕಾಲ, ಸುಗ್ಗಿ ಹಬ್ಬವಾದ ಪುತ್ತರಿಗೆ ಮುನ್ನ ಗದ್ದೆಯಲ್ಲಿ ತೆನೆ ಬಲಿಯುವ ಕಾಲ ಎರಡೂ ಆಗ ಬೇರೆಯಾಗಿ ಕಾಣಿಸುತ್ತವೆ.

ಪಟ್ಟಿಯಲ್ಲಿ ಯಾರು ಇಲ್ಲ ಎಂಬುದನ್ನು ಹುಡುಕುವುದು ಇನ್ನೂ ಮುಖ್ಯ. ಈ ವಹಿ ಇರುವುದು ಹಣ ಕೊಡುವುದಕ್ಕಾಗಿ; ಆನೆಗಳನ್ನು ಎಣಿಸುವುದಕ್ಕಲ್ಲ. ಜಮ್ಮಾ ಜಾಗದ (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಪಹಣಿ ಎಂದೋ ತೀರಿಕೊಂಡ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ, ಹೆಸರಿನಲ್ಲಿದ್ದು, ಕುಟುಂಬದ ಹತ್ತಾರು ಹೆಸರುಗಳು ಜೊತೆಗಿದ್ದರೆ ಎಷ್ಟೋ ಮಂದಿ ಅರ್ಜಿಯ ಗೋಜಿಗೇ ಹೋಗುವುದಿಲ್ಲ. ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್ ಮನೆಯ ಹಿತ್ತಿಲಲ್ಲಿ ನಾಲ್ಕು ಬಾಳೆ ಕಳೆದುಕೊಂಡ ಕಾರ್ಮಿಕನಿಗೆ ಪಹಣಿಯೇ ಇಲ್ಲ. ಆದಿವಾಸಿಗಳ ವಸತಿಗಳಾದ ಹಾಡಿಗಳ ಕಥೆಯೂ ಬಹುಮಟ್ಟಿಗೆ ಇದೇ. ಎರಡು ಊರುಗಳನ್ನು ಆರಿಸಿಕೊಂಡು ಮನೆಮನೆಗೆ ಹೋಗಿ ‘ಆನೆ ಬಂದಿತ್ತೇ? ಅರ್ಜಿ ಹಾಕಿದಿರಾ?’ ಎಂದು ಕೇಳಿ ಬನ್ನಿ. ಉತ್ತರವನ್ನು ವಹಿಯೊಂದಿಗೆ ಹೋಲಿಸಿದರೆ ದಾಖಲೆ ಎಷ್ಟನ್ನು ಹಿಡಿದಿದೆ, ಎಷ್ಟನ್ನು ಬಿಟ್ಟಿದೆ ಎಂಬ ಅಂದಾಜು ಸಿಗುತ್ತದೆ. ನನ್ನ ಮಟ್ಟಿಗೆ, ಈ ಹಂತವನ್ನು ಬಿಟ್ಟ ವರದಿಯನ್ನು ಬರೆಯದಿರುವುದೇ ಮೇಲು.

ಹೆಸರು, ಸರ್ವೆ ನಂಬರ್, ಬ್ಯಾಂಕ್ ಖಾತೆ ಅಕಸ್ಮಾತ್ ಪ್ರತಿಯಲ್ಲಿ ಬಂದಿದ್ದರೆ ಮೊದಲ ದಿನವೇ ಅಳಿಸಿ. ಚಿಕ್ಕ ಊರಿನಲ್ಲಿ ಹೆಸರು ಅಳಿಸಿದರೂ ಸಾಲದು: ‘ಈ ಹಾಡಿಯಲ್ಲಿ ಆನೆ ದಾಳಿಗೆ ಗಾಯಗೊಂಡ ಮಹಿಳೆ: 1’ ಎಂದು ಅಚ್ಚಾದರೆ ಆಕೆ ಯಾರೆಂದು ಪಕ್ಕದ ಊರಿಗೂ ಗೊತ್ತು. ಐದಕ್ಕಿಂತ ಕಡಿಮೆ ಇರುವ ಸಂಖ್ಯೆಗಳನ್ನು ಅಕ್ಕಪಕ್ಕದ ಗ್ರಾಮಗಳೊಂದಿಗೆ ಕೂಡಿಸಿ ತೋರಿಸಿ.

ವರದಿ ಎರಡು ಪುಟ ಮೀರದಿರಲಿ, ಒಂದು ನಕ್ಷೆಯಿರಲಿ. ಗ್ರಾಮ ಸಭೆಯಲ್ಲಿ ಓದುವ ಮೊದಲು ಕರಡನ್ನು ಮಾಹಿತಿ ಕೊಟ್ಟ ಅರಣ್ಯ ಕಚೇರಿಗೇ ತೋರಿಸಿ. ಯಾವ ವರ್ಷದ ವಹಿ ಅರ್ಧಕ್ಕೆ ನಿಂತಿದೆ, ಯಾವ ತಿಂಗಳ ಅರ್ಜಿಗಳು ಮುಂದಿನ ವರ್ಷದ ಲೆಕ್ಕಕ್ಕೆ ಸೇರಿವೆ ಎಂಬುದು ಅಲ್ಲಿನ ಗುಮಾಸ್ತರಿಗಷ್ಟೇ ಗೊತ್ತಿರುತ್ತದೆ. ಅವರು ಹೇಳಿದ್ದನ್ನು ವರದಿಯ ಅಡಿಯಲ್ಲಿ ಸೇರಿಸಿ, ಆಮೇಲೆ ಸಭೆಗೆ ಹೋಗಿ.