ಶೆಟ್ಟಿ ಎಂಬ ಹೆಸರಿನ ಹಿಂದೆ ಹೋಗುವುದು ಹೇಗೆ?

ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ‘ಶೆಟ್ರೇ’ ಎಂದು ಕೂಗಿದರೆ ಹತ್ತು ಜನ ತಿರುಗುತ್ತಾರೆ, ಅಲ್ವಾ? ಹಾಗಾಗಿ ಮನೆತನದ ಮೂಲ ಹುಡುಕುವಾಗ ಸುಮ್ನೆ ಶೆಟ್ಟಿ ಎಂದು ಹುಡುಕಬೇಡಿ. ಮೊದಲು ಅಜ್ಜಿಯ ಹತ್ತಿರ ಕೂತು ನಿಮ್ಮ ‘ಬರಿ’ (ಗೋತ್ರದ ಹಾಗೆ, ವಂಶದ ಹೆಸರು) ಯಾವುದೆಂದು ಕೇಳಿ. ನಮ್ಮ ಬಂಟ ಸಮುದಾಯದಲ್ಲಿ ಬರಿ ಬರುವುದು ತಾಯಿಯಿಂದ. ಒಂದೇ ಬರಿಯವರು ಮದುವೆಯಾಗುವುದಿಲ್ಲ. ಇದು ಗೊತ್ತಿದ್ದೂ ನಾನು ಎರಡು ವರ್ಷ ಅಪ್ಪನ ಕಡೆಯೇ ಹುಡುಕಿದೆ.

ಆಮೇಲೆ ತರವಾಡು ಮನೆಗೆ, ಅಂದರೆ ಕುಟುಂಬದ ಮೂಲಮನೆಗೆ ಹೋಗಿ. ತಂಬಿಲದ (ದೈವ, ನಾಗನಿಗೆ ಸಲ್ಲಿಸುವ ಸೇವೆ) ದಿನವೇ ಹೋಗಿ, ಹಿರಿಯರೆಲ್ಲ ಸಿಗುತ್ತಾರೆ.

ಹಳೇ ಪಾಲುಪಟ್ಟಿ ಇದ್ದರೆ ಬಿಡಲೇಬೇಡಿ. 1949ರ ಅಳಿಯಸಂತಾನ (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿ) ಕಾಯ್ದೆಯಲ್ಲಿ ಪಾಲು ಆಗುತ್ತಿದ್ದದ್ದು ‘ಕವರು’ ಲೆಕ್ಕದಲ್ಲಿ, ಅಂದರೆ ಹೆಂಗಸರ ಕವಲಿನಂತೆ. ನಮ್ಮ ಪಟ್ಟಿ ಅಮ್ಮನ ಮರದ ಪೆಟ್ಟಿಗೆಯಲ್ಲಿ, ಸೀರೆಯ ಅಡಿಯಲ್ಲಿತ್ತು. ಮಡಿಕೆಯಲ್ಲಿ ಹರಿದಿತ್ತು. ಆದರೆ ಮುತ್ತಜ್ಜಿಯ ಹೆಸರಿನ ಪಕ್ಕ ಅವರ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿತ್ತು.